ಮೆಣಸು ಹಾಕಿ ಬೇಯಿಸಿದ ಮರ

ಇಲ್ಲಿ ಬರೆದಿರುವ ಒಂದೊಂದು ಅಕ್ಷರವೂ ಸತ್ಯ. ಮನೆದೇವರಾಣೆಗೂ ಸತ್ಯ. ಅದು ಸಾಲದಿದ್ದರೆ, ಹೋದ ವರ್ಷ ಹಾಕಿಸಿಕೊಂಡ ನನ್ನ ಲೋಹದ ಮಂಡಿಯಾಣೆಗೂ ಸತ್ಯ. ಇಡೀ ಮಿಷಿಗನ್‌ನಲ್ಲಿ ಇಂಥವೆಲ್ಲ ನಿಮಗೊಬ್ಬರಿಗೇ ಯಾಕೆ ಆಗುತ್ತವೆ ಅಂತ ಕೇಳಬೇಡಿ. ಪ್ರತಿಭಾವಂತರ ಹಣೆಬರಹವೇ ಹಾಗೆ, ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ.

ಮೊದಲು ವಿಷಯ ತಿಳಿದಿರಲಿ. ನನ್ನ ಹೆಂಡತಿಗೆ ಮರೆವಿನ ಕಾಯಿಲೆ. ಕೆಲವು ದಿನ ಪೂರ್ತಿ ಸರಿಯಾಗಿರುತ್ತಾಳೆ. ಕೆಲವು ದಿನ ನಾರ್ತ್‌ವಿಲ್‌ನ ನಮ್ಮ ಮನೆಯ ಹಾಲಿನಲ್ಲಿ ನಿಂತು, "ಯಾರ ಮನೆ ಇದು? ಎಷ್ಟು ಚೆನ್ನಾಗಿದೆ!" ಅನ್ನುತ್ತಾಳೆ. ಕೊಂಡ ದಿನದಿಂದ ಆ ಮನೆಯನ್ನು ಅವಳು ಹೊಗಳಿದ್ದು ಅದೇ ಮೊದಲು.

ಅವಳನ್ನು ಎಬ್ಬಿಸೋದು, ಕೂರಿಸೋದು, ಸ್ನಾನ, ಊಟ ಎಲ್ಲ ನನ್ನ ಇಲಾಖೆ. ಸೌತ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಮಗಳು ಒಂದು ಭಾನುವಾರ ಬಂದು ಕೂತು ಹೇಳಿಬಿಟ್ಟಳು: "ಡ್ಯಾಡ್, ಐ ಆಮ್ ಸೀರಿಯಸ್. ನೀವು ಒಂದ್ಸಲ ಬಿದ್ರೆ ಸಾಕು, ಅಮ್ಮನ್ನ ವೃದ್ಧರ ಹೋಮ್‌ಗೆ ಸೇರಿಸಬೇಕಾಗತ್ತೆ." ಅಂದರೆ ಹೆಂಡತಿ ಮನೆಯಲ್ಲಿರಬೇಕಾದರೆ ನಾನು ನೆಟ್ಟಗೆ ನಿಂತಿರಬೇಕು. ಎಪ್ಪತ್ತೇಳು ದಾಟಿದವನು ನೆಟ್ಟಗೆ ನಿಲ್ಲುವುದಕ್ಕೆ ಏನು ಬೇಕೋ ಅದನ್ನು ಹುಡುಕಿಕೊಂಡು ಹೊರಟೆ.

ಕೋಳಿಯಿಲ್ಲದ ಶಕ್ತಿ

ನಮ್ಮ ಬಡಾವಣೆಯಲ್ಲಿ ಒಬ್ಬ ಚೀನೀ ಅಜ್ಜ ಇದ್ದಾರೆ. ತೊಂಬತ್ತರ ಹತ್ತಿರ. ವಾಕಿಂಗ್‌ನಲ್ಲಿ ದಿನಾ ನನ್ನನ್ನು ಹಿಂದೆ ಹಾಕುತ್ತಾರೆ, ಅದೂ ಫೋನಿನಲ್ಲಿ ಮಾತಾಡಿಕೊಂಡು. ಗುಟ್ಟೇನು ಅಂತ ಕೇಳಿದೆ. "ಹುವಾಂಗ್ ಚಿ" ಅಂದರು. ಒಂದು ಗಿಡದ ಬೇರು. ವಯಸ್ಸಾದವರಿಗೆ ಕಸುವು ಬರಲಿ ಅಂತ ಅವರ ಕಡೆ ತಲೆತಲಾಂತರದಿಂದ ಕುದಿಸಿ ಕುಡಿಯುತ್ತಾರಂತೆ. ಒಳ್ಳೇ ಮಾಲು ಬೇಕಾದರೆ ಷಿಕಾಗೋದ ಚೈನಾಟೌನಿಗೇ ಹೋಗು ಅಂದರು.

ಹೋದೆ. ಬೇರೆಯವರಿಗೆ ನಾಲ್ಕೂವರೆ ಗಂಟೆಯ ದಾರಿ, ನನಗೆ ಮೂರೇ. ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು ಪ್ರತಿ ಎಕ್ಸಿಟ್‌ಗೂ "ಮೈಸೂರು ಬಂತಾ?" ಅಂತಿದ್ದಳು. ನಾನು "ಮಂಡ್ಯ ಈಗ ದಾಟಿದ್ವಿ" ಅಂತಿದ್ದೆ.

ಅಂಗಡಿಯ ಅಜ್ಜಿ ಒಂದು ಪ್ಯಾಕೆಟ್ ಕೊಟ್ಟರು. ಒಳಗೆ ಐಸ್‌ಕ್ರೀಮ್ ತಿನ್ನುವ ಮರದ ಚಮಚದಂಥ ಹಳದಿ ಚಕ್ಕೆಗಳು. ಹೆಂಡತಿ ಮುಟ್ಟಿ ನೋಡಿ, "ಸೌದೆ ಕೊಳ್ಳೋಕೆ ಇಷ್ಟು ದೂರ ಬಂದ್ವಾ?" ಅಂದಳು. ಅಷ್ಟು ಹೊತ್ತಿಗೆ ಅವಳು ಪೂರ್ತಿ ಸರಿಯಾಗಿದ್ದಳು.

"ಕೋಳಿ ಜೊತೆ ಹಾಕಿ ಚೆನ್ನಾಗಿ ಕುದಿಸು" ಅಂದರು ಅಜ್ಜಿ.

"ಕೋಳಿ ತಿನ್ನಲ್ಲ."

"ಮೀನು?"

"ಇಲ್ಲ."

"ಹಂದಿ ಮೂಳೆ?"

"ಛೆ ಛೆ."

"ಮೊಟ್ಟೆ?"

"ಅದೂ ಇಲ್ಲ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿ, ನಿಟ್ಟುಸಿರು ಬಿಟ್ಟು, ಇನ್ನೂ ಎರಡು ಪ್ಯಾಕೆಟ್ ತಂದಿಟ್ಟರು.

ಡಾಕ್ಟರ ಅಭಿಪ್ರಾಯ

ಕೋಳಿಯ ಬದಲು ಮೆಣಸು, ಜೀರಿಗೆ, ಒಂದು ಚೂರು ಬೆಲ್ಲ ಹಾಕಿ ಕಷಾಯ ಮಾಡಿದೆ. ಅಂಥ ಕಷಾಯ ಚೀನಾ ದೇಶದಲ್ಲೇ ಯಾರೂ ಕುಡಿದಿಲ್ಲ. ಆದರೆ ನಾನು ಬೇಜವಾಬ್ದಾರಿ ಮನುಷ್ಯ ಅಲ್ಲ. ಮೊದಲು ಆನ್ ಆರ್ಬರ್‌ನ ಡಾಕ್ಟರ ಮುಂದೆ ಪ್ಯಾಕೆಟ್ ಇಟ್ಟು, "ನಾವಿಬ್ಬರೂ ಕುಡೀಬಹುದಾ?" ಅಂತ ಕೇಳಿದೆ.

ಅವರು ನಮ್ಮಿಬ್ಬರ ಮಾತ್ರೆಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿನಲ್ಲಿ ನೋಡಿ, ಆಮೇಲೆ ಹೇಳಿದರು: "ಸ್ವಲ್ಪ ಸ್ವಲ್ಪ ಆದ್ರೆ ಅಪಾಯ ಕಾಣಲ್ಲ. ಉಪಯೋಗ ಇದೆ ಅಂತಾನೂ ನಾನು ಹೇಳಲ್ಲ."

ಹೆಣ್ಣು ನೋಡೋಕೆ ಹೋದಾಗ ನನ್ನ ಮಾವನವರು ನನ್ನ ಬಗ್ಗೆ ಕೊಟ್ಟ ಅಭಿಪ್ರಾಯವೂ ಅಕ್ಷರಶಃ ಇದೇ. ಆದರೂ ಮದುವೆ ಆಯಿತಲ್ಲ!

ಸಂಡಿಗೆ

ಆನ್ ಆರ್ಬರ್‌ನಿಂದ ಒಬ್ಬ ನಿವೃತ್ತ ಪ್ರೊಫೆಸರು ಹೆಂಡತಿಯ ಜೊತೆ ಊಟಕ್ಕೆ ಬಂದಿದ್ದರು. ನಾನು ಅವರ ಕೋಟು ತೆಗೆದಿಡುವಷ್ಟರಲ್ಲಿ ಅಡುಗೆಮನೆಯಿಂದ ಎಣ್ಣೆ ಕಾದ ವಾಸನೆ. ಓಡಿದೆ. ನನ್ನ ಹೆಂಡತಿ, ಸೆರಗು ಸಿಕ್ಕಿಸಿಕೊಂಡು, ಎಷ್ಟೋ ತಿಂಗಳಾದ ಮೇಲೆ ಒಲೆ ಮುಂದೆ ನಿಂತಿದ್ದಾಳೆ. ಜಾಲರಿ ಸೌಟು ಹಿಡಿದ ಗತ್ತೇನು, ಎಣ್ಣೆ ಬಸಿಯುವ ಚಂದವೇನು! ತಟ್ಟೆ ತುಂಬ ಕರಿದು ಹಾಕಿದ್ದಾಳೆ. ಹುವಾಂಗ್ ಚಿ.

ಅವಳ ಮುಖ ನೋಡಿ ಬಾಯಿಬಿಡಲು ಮನಸ್ಸಾಗಲಿಲ್ಲ. ತಟ್ಟೆ ತಂದು ಬಡಿಸಿದೆ. ಪ್ರೊಫೆಸರು ಒಂದು ಚಕ್ಕೆ ಬಾಯಿಗೆ ಹಾಕಿಕೊಂಡರು. ಅವರ ಹೆಂಡತಿ ಅಲಾಸ್ಕಾ ಕ್ರೂಸಿನ ಕಥೆ ಶುರು ಮಾಡಿದರು. ಹಡಗು ಹೊರಟಿತು, ಹಿಮದ ಗುಡ್ಡ ಬಂತು, ತಿಮಿಂಗಿಲ ಬಂತು, ಹಡಗು ವಾಪಸ್ಸೂ ಬಂತು. ಪ್ರೊಫೆಸರು ಅದೇ ಚಕ್ಕೆ ಅಗಿಯುತ್ತಿದ್ದರು. ಕೊನೆಗೆ, "ಸಂಡಿಗೆ ಬಹಳ... ಗಟ್ಟಿಮುಟ್ಟಾಗಿದೆ ಅಮ್ಮಾ" ಅಂದರು.

"ಇನ್ನೆರಡು ಹಾಕ್ಕೊಳ್ಳಿ" ಅಂದಳು ಇವಳು.

ಹಾಕಿಕೊಂಡರು ಪುಣ್ಯಾತ್ಮ.

ವಿಷಯ ಮಗಳ ಕಿವಿಗೆ ಬಿತ್ತು. "ಅಮ್ಮ ಸ್ಟವ್ ಹಚ್ಚಿದ್ರಾ? ಓ ಮೈ ಗಾಡ್, ಡ್ಯಾಡ್!" ಅವತ್ತಿನಿಂದ ಸ್ಟವ್‌ನ ತಿರುಗಿಸುವ ನಾಬುಗಳನ್ನೆಲ್ಲ ಕಿತ್ತು ನನ್ನ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತೇನೆ. ಒಂದು ದಿನ ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಮುಂದೆ ಬಂದಾಗ ಕಣ್ಣು ಮುಚ್ಚಿಕೊಂಡು ಜೇಬಿಗೆ ಕೈಹಾಕಿ, ಸಿಕ್ಕಿದ್ದನ್ನು ಹಾಕಿದೆ. ಪುರೋಹಿತರು, "ಅಂಕಲ್, ಇದರಲ್ಲಿ 'ಸಿಮ್ಮರ್' ಅಂತ ಬರೆದಿದೆ" ಅಂದರು.

ಅಕ್ಕಿ ಮೂಟೆ

ಮಗಳಿಗೆ ಧೈರ್ಯ ತುಂಬುವುದು ನನ್ನ ಕರ್ತವ್ಯ. ಅವಳು ಬಂದ ದಿನ, ಬೇರಿನ ಶಕ್ತಿ ಕಣ್ಣಾರೆ ನೋಡಲಿ ಅಂತ, ಗ್ಯಾರೇಜಿನಲ್ಲಿದ್ದ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತಲು ಬಗ್ಗಿದೆ. ಬಗ್ಗುವುದರಲ್ಲಿ ಒಂದಿಷ್ಟೂ ತೊಂದರೆಯಾಗಲಿಲ್ಲ. ಆಮೇಲೆ ಸೊಂಟ ಅಲ್ಲೇ ಇರೋಣ ಅಂತು.

"ಡ್ಯಾಡ್? ಆರ್ ಯೂ ಓಕೆ?"

"ಓಕೆ ಓಕೆ. ಅಕ್ಕಿ ಬ್ರಾಂಡ್ ಓದ್ತಾ ಇದೀನಿ."

ಬಹಳ ಹೊತ್ತು ಓದಿದೆ. ಮಗಳಿಗೆ ಅಷ್ಟು ಭಕ್ತಿಯಿಂದ ಬಗ್ಗಿ ನಿಂತ ಅಪ್ಪ ನಮ್ಮ ವಂಶದಲ್ಲೇ ಇಲ್ಲ.

ಅವಳು ಸಿಟ್ಟು ಮಾಡಲಿಲ್ಲ. ಅದೇ ನನಗೆ ಹೆದರಿಕೆಯಾಗಿದ್ದು. ನನ್ನನ್ನು ಹಿಡಿದು ಕೂರಿಸಿ, ಬಿಸಿನೀರಿನ ಚೀಲ ಇಟ್ಟು, ಮೆಲ್ಲಗೆ ಹೇಳಿದಳು: "ಒಬ್ಬರು ನರ್ಸ್ ಮನೆಗೆ ಬರ್ತಾರೆ. ಅಮ್ಮ ಇಲ್ಲೇ ಇರಬಹುದಾ ಅಂತ ಅವರು ನೋಡಿ ಹೇಳ್ಲಿ. ಪ್ಲೀಸ್, ಡೋಂಟ್ ಬಿ ಫನ್ನಿ ದಟ್ ಡೇ."

ಪರೀಕ್ಷೆ

ನರ್ಸು ಒಳ್ಳೆಯ ಹೆಂಗಸು. ಹೆಂಡತಿಯ ಎದುರು ಕೂತು ಕೇಳಿದರು: ಇವತ್ತು ಯಾವ ವಾರ? ಗೊತ್ತಿಲ್ಲ. ಯಾವ ಕಾಲ? ಹೊರಗೆ ಹಿಮ ಬಿದ್ದಿದೆ, ಇವಳು "ಮಾವಿನಹಣ್ಣಿನ ಕಾಲ" ಅಂದಳು. ಮಗಳು ನೆಲ ನೋಡುತ್ತಿದ್ದಳು. ನಾನು ತಮಾಷೆ ಮಾಡದೆ ಕೂತಿದ್ದೆ. ನನ್ನ ಜೀವಮಾನದ ಅತಿ ಕಷ್ಟದ ಸಾಧನೆ ಅದು.

"ಮನೆಯಲ್ಲಿ ನಿಮ್ಮನ್ನ ಚೆನ್ನಾಗಿ ನೋಡ್ಕೋತಾರಾ?" ಅಂತ ಕೇಳಿದರು ನರ್ಸು.

ಹೆಂಡತಿ ಬೆನ್ನು ನೇರ ಮಾಡಿ ಕೂತಳು. ನನ್ನ ಕಡೆ ಬೆರಳು ತೋರಿಸಿ, ಸ್ಪಷ್ಟ ಇಂಗ್ಲಿಷಿನಲ್ಲಿ, "ಈ ಮನುಷ್ಯ ದಿನಾ ಬೆಳಿಗ್ಗೆ ಮರ ಬೇಯಿಸಿ ನನಗೆ ಕುಡಿಸ್ತಾರೆ. ಮೆಣಸು ಹಾಕಿ" ಅಂದಳು.

ನರ್ಸಿನ ಪೆನ್ನು ನಿಂತಿತು. ಕರುಣೆಯಿಂದ ನನ್ನ ಕಡೆ ತಿರುಗಿ, "ಹೀಗೆಲ್ಲ ಹೇಳೋದು ಯಾವಾಗಿಂದ ಶುರುವಾಯ್ತು?" ಅಂದರು.

ಗಮನಿಸಿ ನನ್ನ ಪರಿಸ್ಥಿತಿ. ಅವಳು ಆ ವಾರದಲ್ಲಿ ಆಡಿದ ಒಂದೇ ಒಂದು ಸರಿಯಾದ ಮಾತು ಅದು! ನಾನು ಸುಮ್ಮನಿದ್ದರೆ ಅವಳಿಗೆ ಭ್ರಮೆ. ಒಪ್ಪಿಕೊಂಡರೆ ನನಗೆ ಹುಚ್ಚು. ಇಬ್ಬರಲ್ಲಿ ಒಬ್ಬರನ್ನೇ ಉಳಿಸಬಹುದು.

ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತಂದು ಟೀಪಾಯಿ ಮೇಲಿಟ್ಟೆ. ಮುಚ್ಚಳ ತೆಗೆದು ಒಂದು ಚಕ್ಕೆ ಎತ್ತಿ ಹಿಡಿದೆ. "ಮರ. ಬೇಯಿಸಿದ್ದು. ಕೆಳಗಿರೋದು ಮೆಣಸು."

ನರ್ಸು ಮರ ನೋಡಿದರು, ನನ್ನನ್ನು ನೋಡಿದರು. ಹೆಂಡತಿ ಗೆದ್ದವಳಂತೆ, "ಸೀ? ಐ ಟೋಲ್ಡ್ ಯೂ" ಅಂದಳು.

"ಸರ್," ಅಂದರು ನರ್ಸು, "ನಿಮಗೂ ಕೆಲವು ಪ್ರಶ್ನೆ ಕೇಳಬಹುದಾ?"

ಸೇಬು, ಕೊಡೆ, ನದಿ. ಈ ಮೂರು ಪದ ನೆನಪಿಟ್ಟುಕೊಂಡು ಆಮೇಲೆ ಹೇಳಬೇಕು ಅಂದರು. ನನ್ನ ನೆನಪಿನ ಶಕ್ತಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಸಮಯ ಬಂದಾಗ ಎದೆಯುಬ್ಬಿಸಿ ಹೇಳಿದೆ: "ಸೇಬು. ಕೊಡೆ. ಮೆಣಸು."

ತೀರ್ಪು ಬಂತು. ಸದ್ಯಕ್ಕೆ ಅಮ್ಮ ಮನೆಯಲ್ಲೇ ಇರಲಿ. ಚಳಿಗಾಲ ಮುಗಿದ ಮೇಲೆ ಮತ್ತೆ ನೋಡೋಣ. ಅಲ್ಲಿಯವರೆಗೆ ನೋಡಿಕೊಳ್ಳಲು ದಿನಾ ಒಬ್ಬರು ಬರಬೇಕು. "ಅಮ್ಮನ್ನ ನೋಡ್ಕೊಳ್ಳೋಕೆ ನಾನಿಲ್ವಾ?" ಅಂದೆ. "ಅಮ್ಮನ್ನಲ್ಲ ಡ್ಯಾಡ್," ಅಂದಳು ಮಗಳು. "ನಿಮ್ಮನ್ನ."

ನರ್ಸಿನ ಕಾರು ಹೊರಟ ಮೇಲೆ ಹೆಂಡತಿ ನನ್ನ ಪಕ್ಕ ಸರಿದು, ಪರೀಕ್ಷೆ ಬರೆದು ಬಂದ ಹುಡುಗಿಯ ಹಾಗೆ ಪಿಸುಗುಟ್ಟಿದಳು: "ನಾನು ಪಾಸಾದ್ನೇನ್ರೀ?"

"ಫಸ್ಟ್ ಕ್ಲಾಸು. ಫೇಲಾಗಿದ್ದು ನಾನು" ಅಂದೆ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಎಲ್ಲ ಸತ್ಯ, ಮೊದಲೇ ಹೇಳಿದೆನಲ್ಲ. ಒಂದೇ ಒಂದು ಸಣ್ಣ ವಿವರ ನಾನು ಸೇರಿಸಿದ್ದು. ಅವಳು "ರೀ" ಅನ್ನಲಿಲ್ಲ. "ನಾನು ಪಾಸಾದ್ನಾ, ಅಂಕಲ್?" ಅಂದಳು.