ಅತ್ತೆಯ ರೊಟ್ಟಿ ಬಡಿಯುವ ಕೈ

ನಮ್ಮ ಅತ್ತೆಯ ಎದುರು ಯಾರೂ ಕೆಮ್ಮಬಾರದು. ಸೀನಬಾರದು. ಕಣ್ಣು ಮುಚ್ಚಿ ಕೂರಲೇಬಾರದು! ಇಷ್ಟು ಹೇಳಿದ ಮೇಲೂ ನೀವು ನಮ್ಮೂರು ಹಿಟ್ನಾಳದ ಬಸ್ಸು ಹತ್ತಿ ಅವಳ ಪಕ್ಕ ತೂಕಡಿಸಿದರೆ, ಮುಂದಿನದಕ್ಕೆ ನಾನು ಹೊಣೆಯಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ, ನಮ್ಮ ಮನೆಯಲ್ಲೇ ಇರುವವಳು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಪಂಚಾಯಿತಿಯವರು ಊರಲ್ಲಿ ಕೂಸಿನ ಮನೆ ತೆರೆಯುತ್ತೇವೆ ಎಂದದ್ದೇ ತಡ, ಮಕ್ಕಳನ್ನು ನೋಡಿಕೊಳ್ಳಲು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಳು. ಆದರೆ ಒಂದು ಷರತ್ತು: ಕೊಪ್ಪಳದಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸಿ, ಕಲಿತದ್ದನ್ನು ಮಾಡಿ ತೋರಿಸಿ ಪಾಸಾಗಬೇಕು. ಪಾಸಾಗದವರ ಕೈಗೆ ಕೂಸು ಕೊಡುವುದಿಲ್ಲ! ಅಂದಿನಿಂದ ನಮ್ಮ ಮನೆಯವರೆಲ್ಲ ರೋಗಿಗಳಾದೆವು.

ಮೊದಲು ಸಿಕ್ಕಿದ್ದು ಅವ್ವ. ಒಲೆಯ ಮೇಲಿನ ಹಂಚು ತಾಕಿ ಬೆರಳು ಚುರ್ ಎಂದಿತು. ವಾಡಿಕೆಯಂತೆ ಅವ್ವ ಹಲ್ಲುಜ್ಜುವ ಪೇಸ್ಟಿಗೆ ಕೈ ಹಾಕಿದಳೋ ಇಲ್ಲವೋ, ಅತ್ತೆ ಹಾರಿ ಬಂದಳು.

“ವೈನಿ, ಪೇಸ್ಟ್ ಹಲ್ಲಿಗೆ ಹಚ್ಚತಾರ, ಸುಟ್ಟ ಗಾಯಕ್ಕಲ್ಲ! ತಣ್ಣೀರು ಹಾಕ್ಬೇಕು, ಉರಿ ಆರೋ ತನಕ ಹಾಕ್ಬೇಕು!”

ನಮ್ಮಲ್ಲಿ ನಳ ಬರುವುದೇ ವಾರಕ್ಕೊಮ್ಮೆ. ಒಂದಾದ ಮೇಲೊಂದು ಕೊಡ ಬೋರಲಾಯಿತು. ಕೊನೆಗೆ ಅವ್ವ ಕೈ ಮುಗಿದಳು: “ಯವ್ವಾ ತಾಯಿ, ಸುಟ್ಟಿದ್ದು ಒಂದು ಬಟ್ಟು, ಖಾಲಿ ಆಗಿದ್ದು ಒಂದು ವಾರದ ನೀರು!”

ಬಸ್ಸಿನ ಕಥೆ ಇನ್ನೂ ಚೆಂದ. ನಾನೂ ಅತ್ತೆಯೂ ಸಂತೆಗೆ ಹೊರಟಿದ್ದೆವು. ಪಕ್ಕದ ಸೀಟಿನ ಅಜ್ಜ ಬಾಯಿ ತೆರೆದು ನಿದ್ದೆ ಹೋಗಿದ್ದ. ಬಿದ್ದವರಿಗೆ ಎಚ್ಚರವಿದೆಯೋ ಇಲ್ಲವೋ ಎಂದು ಮೊದಲು ಭುಜ ತಟ್ಟಿ ಕೂಗಿ ನೋಡಬೇಕಂತೆ. ಅಜ್ಜ ಬಿದ್ದಿರಲಿಲ್ಲ, ಕುಳಿತಿದ್ದ. ಅತ್ತೆಗೆ ಅದೆಲ್ಲ ಯಾಕೆ ಬೇಕು? ಭುಜಕ್ಕೆ ಎರಡು ಬಿಗಿದು, “ಅಜ್ಜಾ! ಕೇಳಸ್ತೈತೇನು?” ಎಂದು ಕೂಗಿದಳು. ಅಜ್ಜ ಗಾಬರಿಯಾಗಿ ಜೇಬು ತಡಕಾಡಿದ: “ಕೇಳಸ್ತೈತಿ ತಂಗಿ, ಟಿಕೆಟ್ ತಗೊಂಡೀನಿ!” ಡ್ರೈವರ್ ಕೂಡ ನಕ್ಕ. ಅತ್ತೆ ಮಾತ್ರ ನನ್ನ ಕಡೆ ತಿರುಗಿ, “ಪೇಷಂಟ್ ಎಚ್ಚರ ಅದಾನ,” ಎಂದು ವರದಿ ಒಪ್ಪಿಸಿದಳು.

ಇಷ್ಟೆಲ್ಲ ಆದರೂ ಪರೀಕ್ಷೆಯಲ್ಲಿ ಡುಮ್ಕಿ! ಕೂಸಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಬರುವಂತೆ ಹಿಡಿದು, ಬೆನ್ನಿಗೆ ಹದವರಿತು ತಟ್ಟಬೇಕು. ಅತ್ತೆಯದೋ ದಿನಾ ಜೋಳದ ರೊಟ್ಟಿ ಬಡಿದು ಪಳಗಿದ ಕೈ. ರಬ್ಬರಿನ ಕೂಸಿಗೆ ಬಿದ್ದ ಮೊದಲ ಏಟಿಗೇ ಕಲಿಸುವ ನರ್ಸಮ್ಮ ಎದೆ ಹಿಡಿದುಕೊಂಡರಂತೆ: “ಅಕ್ಕಾರ, ಇದು ರೊಟ್ಟಿ ಅಲ್ರಿ, ಕೂಸು! ಮುಂದಿನ ವಾರ ಮತ್ತ ಬರ್ರಿ.”

ಅಂದು ಅತ್ತೆ ಊಟ ಮಾಡಲಿಲ್ಲ. ಮರುದಿನದಿಂದ ರೊಟ್ಟಿಯನ್ನೂ ಬಡಿಯಲಿಲ್ಲ, ಕೈ ಹದ ಕೆಡುತ್ತದಂತೆ! ಹಳೆ ಸೀರೆ ಸುತ್ತಿ ಗೊಂಬೆ ಮಾಡಿಕೊಂಡು ತಟ್ಟಿದ್ದೇ ತಟ್ಟಿದ್ದು. ಅವ್ವನ ಬೆರಳು ಬೇರೆ ಸುಟ್ಟಿತ್ತಲ್ಲ, ವಾರವಿಡೀ ಬರೀ ಅನ್ನವೇ ಗತಿ. “ಈಕಿ ಪಾಸಾಗೋದ್ರಾಗ ನನಗ ಪ್ರಥಮ ಚಿಕಿತ್ಸಾ ಬೇಕಾಗ್ತೈತಿ,” ಎಂದು ಅಪ್ಪ ಗೊಣಗಿದ.

ಎರಡನೆಯ ಸಲದ ಪರೀಕ್ಷೆಗೆ ನಾನೂ ಜೊತೆಗೆ ಹೋದೆ. ಅತ್ತೆ ರಬ್ಬರಿನ ಕೂಸನ್ನು ಎತ್ತಿ ಮುಂಗೈ ಮೇಲೆ ಮಲಗಿಸಿದಳು. ಉಸಿರು ಬಿಗಿಹಿಡಿದು ತಟ್ಟಿದಳು. ಅದರ ಬಾಯಿಂದ ಪುಟ್ಟ ಗುಂಡೊಂದು ನೆಲಕ್ಕೆ ಬಿತ್ತು! “ಪಾಸ್ ರಿ ಅಕ್ಕಾರ!” ಎಂದರು ನರ್ಸಮ್ಮ. ನಾನು ಕುಣಿದಾಡಿಬಿಟ್ಟೆ. ಅತ್ತೆ ಆ ಗುಂಡನ್ನೇ ನೋಡುತ್ತಾ ಅಳುತ್ತಿದ್ದಳು.

ಮರಳುವಾಗ ಬಸ್ಸಿನಲ್ಲಿ ಕೇಳಿದೆ: “ಅತ್ತೀ, ಪಾಸಾದ್ರ ಯಾರರ ಅಳತಾರೇನ?”

“ಆವಾಗ ನೀ ಇನ್ನಾ ಅಂಬಿಗಾಲ ಇಡೋ ಕೂಸು. ನಿಮ್ಮವ್ವ ನಿನ್ನ ನನ್ನ ಕೈಯಾಗ ಕೊಟ್ಟು ಹೊಲಕ್ಕ ಹೋಗಿದ್ಲು. ಹುಣಸಿಬೀಜ ಬಾಯಾಗ ಹಾಕ್ಕೊಂಡಿ, ಗಂಟಲಾಗ ಸಿಕ್ತು. ಮಾರಿ ನೀಲಿ ಆತು. ಒಬ್ರು ನೀರು ಕುಡಸು ಅಂದ್ರು, ಒಬ್ರು ನೆತ್ತಿ ತಟ್ಟು ಅಂದ್ರು. ನನಗೇನೂ ಗೊತ್ತಿರಲಿಲ್ಲವ್ವ, ನಿನ್ನ ಅವಚಿಕೊಂಡು ಚೀರಿದ್ನಿ ಅಷ್ಟ. ಬೀಜ ಹೆಂಗ ಹೊರಗ ಬಿತ್ತೋ! ಅವತ್ತು ದೇವ್ರು ಬಂದ. ದಿನಾ ಬರ್ತಾನೇನು? ಇನ್ನ ಊರ ಕೂಸೆಲ್ಲಾ ನನ್ನ ಕೈಯಾಗ.”

ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಏನೋ ಹೇಳಹೋಗಿ ಕೆಮ್ಮಿಬಿಟ್ಟೆ!

ತಕ್ಷಣ ಅತ್ತೆಯ ಕೈ ನನ್ನ ಬೆನ್ನಿಗೆ ಬಂತು. ಏಟು ಬೀಳುತ್ತದೆಂದು ಹಲ್ಲು ಕಚ್ಚಿ ಕುಳಿತೆ. ಬೀಳಲಿಲ್ಲ. ಊರು ಬರುವವರೆಗೂ ಆ ಕೈ ಅಲ್ಲೇ ಇತ್ತು.