ಹೂಂ ಮೇಸ್ತ್ರಿಯ ಪಿಕಪ್ಪು

ಬೆಳಿಗ್ಗೆ ಏಳೂವರೆಗೆ ಬಡಗಿ ಮೇಸ್ತ್ರಿ ಕೀ ತಿರುಗಿಸಿದ. ಇಪ್ಪತ್ತೆರಡು ವರ್ಷದ ಡೀಸೆಲ್ ಪಿಕಪ್ಪು ಗರ್ರ್ ಗರ್ರ್ ಗರ್ರ್ ಎಂದಿತು. ಊಟಕ್ಕೆ ಕರೆದರೆ ಮಾತ್ರ ಏಳುವ ಸೋಮಾರಿ ಅಳಿಯನ ಹಾಗೆ ಒಮ್ಮೆ ಮಗ್ಗುಲು ಬದಲಿಸಿ ಮತ್ತೆ ಮಲಗಿತು. ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬಂತು. ಬಂದದ್ದು ಅಷ್ಟೇ.

ಆರು ತಿಂಗಳಿಂದ ಇದೇ ಗೋಳು. ಬಿಸಿಲೇರಿ ಇಂಜಿನ್ನು ಬೆಚ್ಚಗಾದರೆ ಅಷ್ಟೇನೂ ಸತಾಯಿಸುವುದಿಲ್ಲ. ಬೆಳಿಗ್ಗೆ ಮಾತ್ರ ಜಪ್ಪಯ್ಯ ಅಂದರೂ ಏಳುವುದಿಲ್ಲ. ಬೇರೆ ದಿನವಾಗಿದ್ದರೆ ಮೇಸ್ತ್ರಿ ಹನ್ನೊಂದರವರೆಗೆ ಕಾದು ಹೊರಡುತ್ತಿದ್ದ. ಇವತ್ತು ಕಾಯುವಂತಿರಲಿಲ್ಲ. ಗಾಡಿಯ ಹಿಂದೆ ಹನ್ನೆರಡು ಹೊಸ ಬೆಂಚು ಹಗ್ಗ ಬಿಗಿಸಿಕೊಂಡು ಕೂತಿದ್ದವು. ಶಾಲೆಯ ಹೆಡ್ ಮೇಡಂ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು: "ಹತ್ತಕ್ಕೆ ಇನ್‌ಸ್ಪೆಕ್ಷನ್. ಅಷ್ಟರಲ್ಲಿ ಮಕ್ಕಳು ಬೆಂಚಿನ ಮೇಲೆ ಕೂತಿರಬೇಕು. ಕೂತಿದ್ರೆ ಇನ್ನು ನಲವತ್ತು ಬೆಂಚಿನ ಕೆಲಸ ನಿಮ್ಮದೇ. ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ."

ನಲವತ್ತು ಬೆಂಚು ಎಂದರೆ ಒಬ್ಬ ಬಡಗಿಗೆ ಆರು ತಿಂಗಳ ಕೆಲಸ.

ಮೇಸ್ತ್ರಿಯ ಕೈ ಗಟ್ಟಿ, ಬಾಯಿ ಮೆತ್ತಗೆ. ಯಾರು ಏನು ಕೇಳಿದರೂ "ಹೂಂ" ಎನ್ನುವವನು. ಅದಕ್ಕೇ ಬೀದಿಯಲ್ಲಿ ಅವನಿಗೆ ಹೂಂ ಮೇಸ್ತ್ರಿ ಎಂಬ ಹೆಸರು ಬಿದ್ದಿತ್ತು. ಒಂದು ಕಾಲದಲ್ಲಿ ಈ ಪಿಕಪ್ಪು ಅವನ ಬಾಗಿಲು ಕಿಟಕಿಗಳಿಗಿಂತ ಬೀದಿಯವರ ಮಂಚ, ಬೀರು, ನೀರಿನ ಟ್ಯಾಂಕುಗಳನ್ನೇ ಹೆಚ್ಚು ಹೊತ್ತಿತ್ತು.

ಎರಡನೆಯ ಸಲ ಗರ್ರ್ ಎನ್ನಿಸುವಷ್ಟರಲ್ಲಿ ಎದುರು ಮನೆಯ ಪ್ಲಂಬರ್ ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಬಂದ. ಬಾನೆಟ್ ಎತ್ತಿಸಿದ. ಪಕ್ಕಕ್ಕೆ ಉಗಿದು ತೀರ್ಪು ಕೊಟ್ಟ.

"ಪೈಪಲ್ಲಿ ಗಾಳಿ ಸೇರಿದೆ ಮೇಸ್ತ್ರಿ. ನಲ್ಲೀಲಿ ನೀರು ಬರ್ದೇ ಇರೋದೂ ಇದೂ ಒಂದೇ. ಬಿಚ್ಲಾ?"

"ಹೂಂ."

ಬಿಚ್ಚಿದ. ಡೀಸೆಲ್ಲು ಅವನ ಮೊಣಕೈವರೆಗೆ ಇಳಿಯಿತು. ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ಹೊರಗೆ ಬಂದಳು. ಬಲಗೈ ಮುಷ್ಟಿ ಬಿಗಿದಿತ್ತು.

"ರೀ, ಇಬ್ಬರೂ ಒಳಗೆ ಹೋಗಿ ಟೀ ಕುಡೀರಿ. ಐದೇ ನಿಮಿಷ. ಗಾಡಿ ಹತ್ರ ನಾನಿರ್ತೀನಿ."

"ಟೀ ಇಲ್ಲಿಗೇ ತಂದ್ಬಿಡಿ ಅಕ್ಕಾ. ಕೆಲಸ ಅರ್ಧಕ್ಕೆ ಬಿಡಬಾರದು," ಎಂದ ಪ್ಲಂಬರ್.

ಅವಳು ಗಂಡನ ಮುಖ ನೋಡಿದಳು. "ಇವರನ್ನ ಕಳಿಸ್ರೀ," ಎಂದಳು ಹಲ್ಲಿನ ಸಂದಿಯಲ್ಲಿ.

"ಪಾಪ, ಸಹಾಯಕ್ಕೆ ಬಂದಿದ್ದಾನೆ ಕಣೇ. ಹೋಗು ಅಂತ ಹೇಗೆ ಹೇಳ್ಲಿ?"

ಅವಳು ಮುಷ್ಟಿ ಬಿಚ್ಚದೆ ಒಳಗೆ ಹೋದಳು.

ಎಂಟು ಕಾಲಿಗೆ ನಿವೃತ್ತ ಕಂಪೌಂಡರ್ ಬಂದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಸೀಸೆ ತುಂಬಿದವರು. ಬೀದಿಯವರು ಡಾಕ್ಟ್ರೇ ಎಂದು ಕರೆದರೆ ಅವರು ಬೇಡ ಎಂದದ್ದಿಲ್ಲ. ಕೊರಳಲ್ಲಿದ್ದ ಸ್ಟೆತಾಸ್ಕೋಪನ್ನು ಇಂಜಿನ್ನಿನ ಮೇಲೆ ನಾಲ್ಕು ಕಡೆ ಇಟ್ಟು ಕೇಳಿದರು.

"ಏನು ಕೇಳಿಸ್ತು ಡಾಕ್ಟ್ರೇ?" ಎಂದ ಮೇಸ್ತ್ರಿ ಗಾಬರಿಯಿಂದ.

"ಏನೂ ಇಲ್ಲ. ಅದೇ ಚಿಂತೆ." ಅಂಗೈ ಇಟ್ಟು ನೋಡಿದರು. "ಮೈ ತಣ್ಣಗಿದೆ. ಶೀತ ಹಿಡಿದಿದೆ. ಒಳಗಿಂದ ಕಾವು ಸಿಗ್ತಾ ಇಲ್ಲ ಇದಕ್ಕೆ."

ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಥಟ್ಟನೆ ಇತ್ತ ತಿರುಗಿದ ರಭಸಕ್ಕೆ ಲೋಟಗಳು ಕಿಣಿಕಿಣಿ ಎಂದವು.

"ಇಂಜಿನ್ ಬಿಸಿ ಮಾಡೋ ಹೀಟರ್ ಸರಿಯಾಗೇ ಇದೆ ಡಾಕ್ಟ್ರೇ," ಎಂದ ಮೇಸ್ತ್ರಿ. "ಕೀ ಕೊಟ್ರೆ ಎದುರುಗಡೆ ಹೀಟರ್ ದೀಪ ಹತ್ತುತ್ತೆ, ಆಮೇಲೆ ಆರುತ್ತೆ. ನೋಡಿ ಬೇಕಾದ್ರೆ."

"ರೋಗಿ ನಗ್ತಾ ಇದ್ರೆ ಜ್ವರ ಇಲ್ಲ ಅಂತಲ್ಲ ಮೇಸ್ತ್ರಿ. ಶಾಖ ಕೊಡ್ಲಾ?"

"ಹೂಂ."

ಕಂಪೌಂಡರು ಮನೆಯಿಂದ ಬಿಸಿನೀರಿನ ಚೀಲ ತಂದು ಇಂಜಿನ್ನಿಗೆ ಕಟ್ಟಿದರು. ಪ್ಲಂಬರ್ ಪೈಪಿನ ಗಾಳಿ ತೆಗೆಯುತ್ತಲೇ ಇದ್ದ. ಮೇಸ್ತ್ರಿ ಕೀ ತಿರುಗಿಸುತ್ತಲೇ ಇದ್ದ. ಎಂಟೂಮುಕ್ಕಾಲಿಗೆ ಗರ್ರ್ ಹೋಗಿ ಕುಂಯ್ ಆಯಿತು. ಬ್ಯಾಟರಿ ಮುಗಿದಿತ್ತು.

ಫೋನು ಬಡಿದುಕೊಂಡಿತು. ಹೆಡ್ ಮೇಡಂ. "ಹೊರಟ್ರಾ ಮೇಸ್ತ್ರಿ?"

"ಹೂಂ ಮೇಡಂ."

ಫೋನನ್ನು ಜೇಬಿಗೆ ತುರುಕಿದ.

"ತಳ್ಳೋಣ!" ಎಂದ ಪ್ಲಂಬರ್. ಬೀದಿಯಲ್ಲಿ ಸಿಕ್ಕ ಏಳೆಂಟು ಜನ ಸೇರಿದರು. ಹನ್ನೆರಡು ಬೆಂಚು ಹೊತ್ತ ಪಿಕಪ್ಪನ್ನು ಬೀದಿಯ ಕೊನೆವರೆಗೆ ತಳ್ಳಿದರು. ಏದುಸಿರು ಬಿಡುತ್ತ ತಿರುಗಿಸಿ ವಾಪಸ್ಸು ತಳ್ಳಿದರು. ಗಾಡಿ ಜುಂ ಅನ್ನಲಿಲ್ಲ. ಮನೆ ಮುಂದೆ ಬಂದು ನಿಂತ ಮೇಲೆ ಕಂಪೌಂಡರು ಕಿಟಕಿಯಲ್ಲಿ ಇಣುಕಿದರು.

"ಗೇರು ಹಾಕಿದ್ರಾ?"

ಮೇಸ್ತ್ರಿ ಗೇರು ನೋಡಿದ. ಆಮೇಲೆ ತನ್ನ ಕೈ ನೋಡಿದ. ಆಮೇಲೆ ಯಾರನ್ನೂ ನೋಡಲಿಲ್ಲ. ಏಳೆಂಟು ಜನರೂ ಬಾಯಿಗೆ ಬಂದದ್ದು ಅಂದು ಚದುರಿದರು.

ಹೆಂಡತಿ ಮತ್ತೆ ಬಂದಳು. ಅದೇ ಬಿಗಿದ ಮುಷ್ಟಿ.

"ರೀ, ನಿಮಗೆ ಕೈ ಮುಗೀತೀನಿ. ಇವರಿಬ್ಬರನ್ನ ಎರಡು ನಿಮಿಷ ಆಚೆ ಕಳಿಸಿ."

"ಕಳಿಸಿ ಏನು ಮಾಡ್ತೀಯೇ? ನೀನು ಸ್ಟಾರ್ಟ್ ಮಾಡ್ತೀಯಾ?" ಎಂದು ರೇಗಿದ. ರೇಗುವುದಕ್ಕೆ ಅವನಿಗಿದ್ದುದು ಅವಳೊಬ್ಬಳೇ.

ಒಂಬತ್ತೂ ಇಪ್ಪತ್ತಕ್ಕೆ ಮೂಲೆ ಮನೆಯ ಎಲೆಕ್ಟ್ರಿಷಿಯನ್ ಬಂದ. ಹೆಗಲ ಮೇಲೆ ಒಂದು ಬ್ಯಾಟರಿ, ಕೈಯಲ್ಲಿ ತಂತಿ ಕಟ್ಟಿದ ಪುಟ್ಟ ಬಲ್ಬು. ಪ್ಲಂಬರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದ.

"ಡೀಸೆಲ್ ಬಂದಿದ್ದಕ್ಕೇ ಬಿಳಿ ಹೊಗೆ ಬರ್ತಿರೋದು. ನೀನು ಎರಡು ಗಂಟೆಯಿಂದ ಯಾವ ಗಾಳಿ ತೆಗೀತಿದ್ದೀಯಾ?"

"ನೀನು ಬಲ್ಬ್ ಹಚ್ಚೋ ಮುಂಚೆ ನಾನು ಇಂಜಿನ್ ಬಿಚ್ಚಿದೀನಿ!" ಎಂದ ಪ್ಲಂಬರ್.

"ಅದೇ ಕಾಣ್ತಿದೆ."

ಎಲೆಕ್ಟ್ರಿಷಿಯನ್ ಬಿಸಿನೀರಿನ ಚೀಲ ಕಿತ್ತು ಕಂಪೌಂಡರ ಕೈಗೆ ಕೊಟ್ಟ. ತಾನು ತಂದ ಬ್ಯಾಟರಿ ಜೋಡಿಸಿ ಬಲ್ಬನ್ನು ಅಲ್ಲಿ ಇಲ್ಲಿ ಮುಟ್ಟಿಸಿದ. ಹೋ ಎಂದ.

"ದೀಪಕ್ಕೆ ಕರೆಂಟ್ ಇದೆ ಮೇಸ್ತ್ರಿ. ಹೀಟರ್ ಪ್ಲಗ್ಗಿಗೇ ಇಲ್ಲ! ನಾಲ್ಕೂ ತಣ್ಣಗೆ ಕೂತಿವೆ."

"ನಾನು ಹೇಳ್ಲಿಲ್ವಾ, ಶೀತ ಅಂತ?" ಎಂದರು ಕಂಪೌಂಡರು.

"ಪಕ್ಕಾ ರಿಪೇರಿ ಮಾಡ್ಲಾ?" ಎಂದ ಎಲೆಕ್ಟ್ರಿಷಿಯನ್.

"ಹೂಂ, ಹೂಂ, ಹೂಂ!"

ಬಾಗಿಲಲ್ಲಿ ಹೆಂಡತಿ "ಅಯ್ಯೋ" ಎಂದು ಹಣೆ ಹಿಡಿದುಕೊಂಡಳು. ಸಂತೋಷಕ್ಕೆ ಇರಬೇಕು ಎಂದುಕೊಂಡರು ಎಲ್ಲರೂ. ಎಲೆಕ್ಟ್ರಿಷಿಯನ್ ತಲೆಯನ್ನು ಬಾನೆಟ್ಟಿನೊಳಗೆ ತೂರಿಸಿ ಹತ್ತು ನಿಮಿಷ ಏನೋ ಸುತ್ತಿದ, ಏನೋ ಬಿಗಿದ. ಮೇಸ್ತ್ರಿ ಕೀ ತಿರುಗಿಸಿದ. ಪಿಕಪ್ಪು ಒಂದೇ ಏಟಿಗೆ ಗುಡುಗಿತು.

ಒಂಬತ್ತು ನಲವತ್ತು. ಶಾಲೆಗೆ ಹದಿನೈದು ನಿಮಿಷದ ದಾರಿ. ಮೇಸ್ತ್ರಿಗೆ ಕಣ್ಣಲ್ಲಿ ನೀರು ಬಂತು. ಗೇರು ಹಾಕಿದ, ಈ ಸಲ ಮರೆಯದೆ.

"ಮೇಸ್ತ್ರಿ, ಒಂದ್ನಿಮಿಷ!" ಎಂದು ಪ್ಲಂಬರ್ ಕಿಟಕಿ ಹಿಡಿದ. "ಹೋಗೋ ದಾರೀಲೇ. ನನ್ನದೊಂದು ಟ್ಯಾಂಕ್ ಇದೆ."

"ನಮ್ಮ ತಂಗಿ ಮನೆಗೆ ಒಂದು ಮಂಚ," ಎಂದರು ಕಂಪೌಂಡರು. "ಗಾಡಿ ಹುಷಾರಾಗ್ಲಿ ಅಂತ ಆರು ತಿಂಗಳಿಂದ ಕಾಯ್ತಾ ಇದ್ದೆ."

"ರಿಪೇರಿ ಮಾಡ್ದೋನು ನಾನು. ನನ್ನ ಏಣಿ ಮೊದಲು," ಎಂದ ಎಲೆಕ್ಟ್ರಿಷಿಯನ್.

"ರೀ, ಹತ್ತಕ್ಕೆ ಶಾಲೆ!" ಎಂದು ಹೆಂಡತಿ ಕೂಗಿದಳು.

ಮೇಸ್ತ್ರಿ ಮೂವರ ಮುಖ ನೋಡಿದ. ಒಬ್ಬನ ಕೈಗೆ ಡೀಸೆಲ್ಲು ಬಳಿದಿತ್ತು, ಒಬ್ಬರ ಕೈಯಲ್ಲಿ ಬಿಸಿನೀರಿನ ಚೀಲವಿತ್ತು, ಒಬ್ಬನ ಮೂಗಿನ ತುದಿ ಕಪ್ಪಾಗಿತ್ತು.

"ಹೂಂ," ಎಂದ.

ಟ್ಯಾಂಕಿನ ದಾರಿ ಎಡಕ್ಕೆ, ಮಂಚದ ದಾರಿ ಬಲಕ್ಕೆ, ಏಣಿಯ ದಾರಿ ಬಂದ ಕಡೆಗೇ. ಪಿಕಪ್ಪು ಶಾಲೆಯ ಗೇಟು ಹೊಕ್ಕಾಗ ಹನ್ನೊಂದು ಹತ್ತು. ಇನ್‌ಸ್ಪೆಕ್ಟರು ಜೀಪು ಹತ್ತುತ್ತಿದ್ದರು. ಮಕ್ಕಳು ನೆಲದ ಮೇಲೆ ಸಾಲಾಗಿ ಕೂತಿದ್ದವು.

"ಈ ಹನ್ನೆರಡು ಇಳಿಸಿ ಹೋಗಿ," ಎಂದರು ಹೆಡ್ ಮೇಡಂ. "ನಲವತ್ತು ಮರೆತುಬಿಡಿ."

ಸಂಜೆ ಮೇಸ್ತ್ರಿ ಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಹೆಂಡತಿ ಗುಂಡಿ ಸೂಜಿಗಳ ಡಬ್ಬಿ ತಂದು ಅವನ ಮುಂದಿಟ್ಟು, ಒಳಗಿಂದ ಬೆರಳುದ್ದದ ಒಂದು ಫ್ಯೂಸು ತೆಗೆದು ತೋರಿಸಿದಳು.

"ಏನಿದು?"

"ಹೀಟರಿಂದು. ಆರು ತಿಂಗಳ ಹಿಂದೆ ನಾನೇ ಬಿಚ್ಚಿಟ್ಟೆ. ನಮ್ಮಪ್ಪ ಲಾರಿ ಓಡಿಸ್ತಿದ್ರು, ಅಷ್ಟೂ ಗೊತ್ತಿಲ್ವಾ ನನಗೆ?"

ಮೇಸ್ತ್ರಿ ಎದ್ದು ನಿಂತ. "ದಿನಾ ಬೆಳಿಗ್ಗೆ ನಾನು ಬೆವರು ಸುರಿಸ್ತಿದ್ದೆ! ಕಣ್ಣಾರೆ ನೋಡ್ತಿದ್ಯಲ್ಲೇ!"

"ಆರು ತಿಂಗಳಲ್ಲಿ ಗಾಡಿ ಕೇಳ್ಕೊಂಡು ಯಾರಾದ್ರೂ ಬಂದ್ರಾ? ಹೇಳಿ."

ಅವನು ಯೋಚಿಸಿದ. ಒಬ್ಬರೂ ಬಂದಿರಲಿಲ್ಲ. ಈ ಆರು ತಿಂಗಳಲ್ಲೇ ಮದುವೆಯಾದ ಮೇಲೆ ಮೊದಲ ಸಲ ಕೆಲಸವೆಲ್ಲ ಹೊತ್ತಿಗೆ ಸರಿಯಾಗಿ ಮುಗಿದಿತ್ತು.

"ಇವತ್ತು ಹಾಕೋಣ ಅಂತಲೇ ಎರಡು ಗಂಟೆ ಹೊತ್ತು ಮುಷ್ಟೀಲಿ ಹಿಡ್ಕೊಂಡು ಓಡಾಡಿದೆ. ಅವರ ಮುಂದೆ ಹಾಕಿದ್ರೆ ಗುಟ್ಟು ರಟ್ಟಾಗ್ತಿತ್ತು. ಕಳಿಸಿ ಅಂದ್ರೆ ನೀವು ಕಳಿಸ್ಲಿಲ್ಲ."

ಮೇಸ್ತ್ರಿ ಕೂತ. ಎದ್ದ. ಮತ್ತೆ ಕೂತ. ಆಮೇಲೆ ಜನ್ಮದಲ್ಲಿ ಮೊದಲ ಬಾರಿ ಗಟ್ಟಿ ದನಿಯಲ್ಲಿ ಹೇಳಿದ: "ಬಾ. ಆ ಎಲೆಕ್ಟ್ರಿಷಿಯನ್ ಹಾಕಿರೋ ಹೊಸ ಫ್ಯೂಸನ್ನೂ ಕಿತ್ತು ನಿನ್ನ ಡಬ್ಬಿಗೆ ಹಾಕೋಣ."

ಇಬ್ಬರೂ ಬಾನೆಟ್ ಎತ್ತಿದರು. ಫ್ಯೂಸಿನ ಜಾಗದಲ್ಲಿ ಫ್ಯೂಸೇ ಇರಲಿಲ್ಲ. ಕಿರುಬೆರಳ ಗಾತ್ರದ ತಾಮ್ರದ ತಂತಿಯನ್ನು ನೇರ ಬಿಗಿದು, ಬೆಸುಗೆ ಹಾಕಿ, ಮೇಲೆ ಟೇಪು ಸುತ್ತಿ ಆನೆ ಕಟ್ಟುವಷ್ಟು ಗಟ್ಟಿ ಮಾಡಿದ್ದ.

"ಕತ್ತರಿಸ್ಲಾ?" ಎಂದ.

"ಕತ್ತರಿಸಿ ಏನು ಬಂತು? ರೋಗ ಏನು ಅಂತ ಇಡೀ ಬೀದಿಗೆ ಗೊತ್ತಾಯ್ತು. ನಾಳೆ ಬಂದು ಇನ್ನೂ ದಪ್ಪದ್ದು ಬಿಗೀತಾನೆ." ಅವಳು ಬಾನೆಟ್ ಧಡ್ ಎಂದು ಮುಚ್ಚಿದಳು. "ಇನ್ನು ಬಾಯಿಬಿಟ್ಟು 'ಆಗಲ್ಲ' ಅನ್ನೋದೇ ದಾರಿ. ಅನ್ನಿ ನೋಡೋಣ."

"ಆ... ಆ... ಆ..."

"ಇನ್ನೊಂದ್ಸಲ!"

"ಆ... ಆ..." ಫೋನು ಬಡಿದುಕೊಂಡಿತು. ಹೆಡ್ ಮೇಡಂ. ಮೇಸ್ತ್ರಿಯ ಮುಖ ಅರಳಿತು. ಮೇಡಂ ಮನಸ್ಸು ಬದಲಾಯಿಸಿರಬೇಕು.

"ಮೇಸ್ತ್ರಿ, ಆ ನಲವತ್ತು ಬೆಂಚು ಬೇರೆಯವರ ಹತ್ರ ಸಿದ್ಧವಾಗೇ ಸಿಕ್ತು. ಆದ್ರೆ ಪಾಪ, ಅವರ ಹತ್ರ ಗಾಡಿ ಇಲ್ಲ. ಬೆಳಿಗ್ಗೆ ನೀವು ಶಾಲೆಯಿಂದ ಹೊರಡೋವಾಗ ನೋಡ್ದೆ, ನಿಮ್ಮ ಪಿಕಪ್ಪು ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಲ್ಲ! ನಾಳೆ ಏಳೂವರೆಗೆ ತಂದುಕೊಡ್ತೀರಾ?"

ಹೆಂಡತಿ ಸೊಂಟಕ್ಕೆ ಕೈಕೊಟ್ಟು ಅವನನ್ನೇ ನೋಡುತ್ತಿದ್ದಳು. ಮೇಸ್ತ್ರಿ ಉಸಿರು ಬಿಗಿಹಿಡಿದ. ಕಣ್ಣು ಮುಚ್ಚಿದ.

"ಆ..." ಎಂದ. "ಆ... ಆ... ಆ..."

"ಹಲೋ? ಮೇಸ್ತ್ರಿ?"

"ಆಯ್ತು ಮೇಡಂ."