ನನ್ನ ಕೈಗೊಂದು ಪಿಸ್ತೂಲು

ನನಗೊಂದು ದುರ್ಗುಣವಿದೆ. ಲಂಡನ್ನಿಗೆ ಬಂದು ಇಪ್ಪತ್ತೈದು ವರ್ಷವಾದರೂ ಅದು ಹೋಗಿಲ್ಲ. ಒಂದೇ ಬೆಲೆಗೆ ಚಿಕ್ಕದೊಂದು, ದೊಡ್ಡದೊಂದು ಮುಂದಿಟ್ಟರೆ ನನ್ನ ಕೈ ತಾನಾಗಿ ದೊಡ್ಡದರ ಕಡೆಗೇ ಹೋಗುತ್ತದೆ. ಬೇಕೋ ಬೇಡವೋ ಅದು ಆಮೇಲಿನ ಮಾತು. ಹೂಕೋಸಿನಿಂದ ಹಿಡಿದು ಸೂಟ್‌ಕೇಸಿನ ತನಕ ಹೀಗೆಯೇ. ಇದು ನಾನಾಗಿ ಸಂಪಾದಿಸಿದ ಗುಣವಲ್ಲ, ಧಾರವಾಡದ ನಮ್ಮ ಮನೆಯಿಂದ ಬಂದದ್ದು. ನಮ್ಮಪ್ಪ ಶಾಲೆಯ ಬೂಟು ಕೊಡಿಸುವಾಗ ಯಾವತ್ತೂ ಎರಡು ಸೈಜ್ ದೊಡ್ಡದನ್ನೇ ಕೊಡಿಸುತ್ತಿದ್ದರು, ಕಾಲು ಬೆಳೆಯುತ್ತದಲ್ಲ. ನಾವು ತುದಿಗೆ ಅರಳೆ ತುರುಕಿಕೊಂಡು ಹೋಗುತ್ತಿದ್ದೆವು. ಕಾಲು ಬೆಳೆದು ಬೂಟು ಸರಿಹೋಗುವ ಹೊತ್ತಿಗೆ ಅದರ ಅಟ್ಟೆ ಕಿತ್ತು ಬಂದಿರುತ್ತಿತ್ತು. ಮತ್ತೆ ಎರಡು ಸೈಜ್ ದೊಡ್ಡದು. ಒಮ್ಮೆ ಸ್ವಾತಂತ್ರ್ಯ ದಿನದ ಪರೇಡಿನಲ್ಲಿ ನಾನು ಕಾಲೆತ್ತಿದ ರಭಸಕ್ಕೆ ಬಲಗಾಲಿನ ಬೂಟು ಹಾರಿ ಮುಖ್ಯ ಅತಿಥಿಗಳ ಮೇಜಿನ ಹತ್ತಿರ ಬಿತ್ತು. ಅಪ್ಪ ಅವತ್ತೂ ಬೂಟಿನ ತಪ್ಪು ಎನ್ನಲಿಲ್ಲ. ಅರಳೆ ಕಡಿಮೆ ಹಾಕಿಕೊಂಡಿದ್ದಕ್ಕೆ ನನ್ನನ್ನೇ ಬೈದರು.

ಇಂಥ ನಾನು ಐವತ್ತೊಂದನೆಯ ವಯಸ್ಸಿನಲ್ಲಿ ಪಿಸ್ತೂಲು ಕೊಳ್ಳಲು ಹೊರಟೆ. ಗಾಬರಿ ಬೇಡ. ಈ ದೇಶದಲ್ಲಿ ನನ್ನಂಥವರು ನಿಜವಾದ ಪಿಸ್ತೂಲು ಇಟ್ಟುಕೊಳ್ಳುವ ಹಾಗೇ ಇಲ್ಲ. ನಾನು ಹೇಳುತ್ತಿರುವುದು ಗ್ಯಾಸಿನ ಒತ್ತಡದಿಂದ ಬಟಾಣಿಗಿಂತ ಚಿಕ್ಕ ಪ್ಲಾಸ್ಟಿಕ್ ಗುಂಡು ಹಾರಿಸುವ ಪಿಸ್ತೂಲು. ಅದನ್ನು ಹಿಡಿದು ಓಡುತ್ತಾ, ಬಗ್ಗುತ್ತಾ, ಕಾಗದದ ಗುರಿಗಳಿಗೂ ಕಬ್ಬಿಣದ ತಟ್ಟೆಗಳಿಗೂ ಗಡಿಯಾರದ ವಿರುದ್ಧ ಹೊಡೆಯುವ ಆಟವೊಂದಿದೆ, ಆಕ್ಷನ್ ಶೂಟಿಂಗ್ ಅಂತ. ಲಂಡನ್ನಿನ ಅಂಚಿನ ಪಿನ್ನರಿನ ಒಂದು ಜಿಪಿ ಕ್ಲಿನಿಕ್ಕಿನಲ್ಲಿ, ಅಂದರೆ ಬಡಾವಣೆಯ ಡಾಕ್ಟರ ದವಾಖಾನೆಯಲ್ಲಿ, ನಾನು ರಿಸೆಪ್ಷನಿಸ್ಟ್. ಬೆಳಿಗ್ಗೆ ಎಂಟಕ್ಕೆ ಫೋನ್ ಎತ್ತಿದರೆ, ಇವತ್ತಿನ ಅಪಾಯಿಂಟ್‌ಮೆಂಟ್ ಎಲ್ಲ ಮುಗಿದವು ಎಂದು ನಗುನಗುತ್ತಾ ಹೇಳುವುದು ನನ್ನ ಕೆಲಸ. ಅದಕ್ಕೆ ಬರುವ ಬೈಗುಳವನ್ನೂ ನಗುನಗುತ್ತಲೇ ಕೇಳಬೇಕು. ನನ್ನ ಮುಖ ನೋಡಿ ಕನಿಕರಪಟ್ಟ ನಮ್ಮ ನರ್ಸ್ ಜೂಲಿ, ಒಂದು ಸಂಜೆ ಕೊಲಿಂಡೇಲ್ ಹತ್ತಿರದ ಗೋದಾಮಿನಲ್ಲಿ ನಡೆಯುವ ತನ್ನ ಕ್ಲಬ್ಬಿಗೆ ಕರೆದುಕೊಂಡು ಹೋದಳು. ನಾನು ಹೊಡೆದ ಮೊದಲ ತಟ್ಟೆ ಟಣ್ ಎಂದು ಉರುಳಿತು ನೋಡಿ, ಅಬ್ಬಾ, ಅಂಗಾಲಿನಿಂದ ನೆತ್ತಿಯ ತನಕ ಮೈಯೆಲ್ಲ ಜುಮ್ಮೆಂದಿತು. ಅಷ್ಟೊಂದು ಖುಷಿ ಹಿಂದೆ ಯಾವಾಗ ಆಗಿತ್ತೋ ನನಗೆ ನೆನಪಿಲ್ಲ.

ಅಲ್ಲಿನ ಕೋಚ್ ಕೀತ್, ನಿವೃತ್ತ ಬಸ್ ಡ್ರೈವರ್. ಮೂರು ವಾರದಲ್ಲಿ ಹೊಸಬರ ಸ್ಪರ್ಧೆಯಿದೆ, ಹೆಸರು ಬರೆದುಕೊಳ್ಳಲೇ ಎಂದು ಕೇಳಿದ. ಬರಿ ಎಂದೆ. ಬರೆದ ಮೇಲೆ ಆ ಹಾಳೆಯನ್ನು ಎರಡು ಸಲ ನೋಡಿದೆ. ನೀವು ನಗಬಾರದು, ಮಗಳ ಈಜು, ಮಗಳ ಚೆಸ್ಸು, ನಮ್ಮ ಮನೆಯವರ ಕ್ರಿಕೆಟ್ಟು, ಎಲ್ಲದಕ್ಕೂ ಟವೆಲ್ಲು, ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಬದಿಯಲ್ಲಿ ಕೂತವಳು ನಾನು. ಆಡುವವರ ಪಟ್ಟಿಯಲ್ಲಿ ನನ್ನ ಹೆಸರು ಬಂದದ್ದು ಇದೇ ಮೊದಲು. ಏನೇ ಆಗಲಿ, ಆಟ ಪೂರ್ತಿ ಆಡಿಯೇ ಮನೆಗೆ ಬರಬೇಕೆಂದು ಅವತ್ತೇ ಹಟ ಹಿಡಿದೆ. ಒಂದೇ ತೊಡಕು: ಕ್ಲಬ್ಬಿನ ಪಿಸ್ತೂಲನ್ನು ಕಲಿಯುವುದಕ್ಕೆ ಮಾತ್ರ ಕೊಡುತ್ತಾರೆ, ಸ್ಪರ್ಧೆಗೆ ಸ್ವಂತದ್ದು ಬೇಕು.

ನಮ್ಮ ಮನೆಯವರು, ಗುರುರಾಜ ಅಂತ, ಬೆಳಗಾವಿಯವರು, ಲಿಫ್ಟ್ ರಿಪೇರಿ ಕಂಪನಿಯಲ್ಲಿ ಎಂಜಿನಿಯರ್. ಹೆಂಡತಿ ಪಿಸ್ತೂಲು ಕೊಳ್ಳುತ್ತಾಳೆ ಎಂದರೆ ಬೇರೆ ಗಂಡಸರು ಏನು ಮಾಡುತ್ತಾರೋ ತಿಳಿಯದು, ಇವರು ಮಾತ್ರ ಒಂದು ವಾರ ವೀಡಿಯೊ ನೋಡಿ ಅಗ್ಗದ ಐದು ಪಿಸ್ತೂಲುಗಳ ಪಟ್ಟಿ ಮಾಡಿಕೊಂಡು ಬಂದರು. ಶನಿವಾರ ಈಸ್ಟ್ ಹ್ಯಾಮ್ ಕಡೆಯ ಅಂಗಡಿಗೆ ಹೋದೆವು. ಅಲ್ಲೇ ಪಕ್ಕದಲ್ಲಿ ಮಸಾಲೆ ದೋಸೆಯೂ ಆಗುತ್ತದೆ ಎಂಬ ಲೆಕ್ಕ. ಹೊಸಬರಿಗೆ ನಿಜದಂತೆ ಕಾಣುವ ಕರಿ ಪಿಸ್ತೂಲು ಮಾರುವಂತಿಲ್ಲ, ಎದ್ದು ಕಾಣುವ ಬಣ್ಣದ್ದೇ ಆಗಬೇಕು, ಅದು ಕಾನೂನು ಎಂದ ಬಿಳಿ ಗಡ್ಡದ ಅಂಗಡಿಯವನು. ಹೊಸ ವಸ್ತು ಕರೀದು ತರಬೇಡಿ ಎಂದು ನಮ್ಮತ್ತೆ ಬೆಳಗಾವಿಯಿಂದ ಫೋನಿನಲ್ಲಿ ಮೊದಲೇ ಹೇಳಿದ್ದರು. ಅತ್ತೆಯೂ ಬ್ರಿಟಿಷ್ ಸರಕಾರವೂ ಒಂದೇ ಮಾತು ಆಡಿದ್ದನ್ನು ನಾನು ಆ ದಿನವೇ ಕಂಡದ್ದು. ಸೀರೆ ಅಂಗಡಿಯ ಅಭ್ಯಾಸದ ಮೇಲೆ, ಅದಲ್ಲ, ಅದರ ಕೆಳಗಿನದು ತೆಗೆಯಿರಿ ಎನ್ನುತ್ತಾ ಹತ್ತು ಪಿಸ್ತೂಲು ಮೇಜಿನ ಮೇಲೆ ಹರವಿಸಿದೆ. ಕೊನೆಗೆ ಎರಡು ಉಳಿದವು, ಎರಡೂ ನವಿಲು ನೀಲಿ, ಎರಡಕ್ಕೂ ಒಂದೇ ಬೆಲೆ. ಒಂದು ಚಿಕ್ಕದು, ಹಗುರ, ಹಿಡಿದರೆ ಕೈಯೊಳಗೆ ಹಿತವಾಗಿ ಕೂರುತ್ತಿತ್ತು. ಇನ್ನೊಂದು ದೊಡ್ಡದು, ಲೋಹದ್ದು, ಗಟ್ಟಿಮುಟ್ಟಾಗಿತ್ತು.

"ಸಣ್ಣದು ತೊಗೋ. ನಿನ್ನ ಕೈಗೆ ಸರಿ ಹೋಗ್ತದ," ಎಂದರು ಇವರು.

"ರೊಕ್ಕ ಅಷ್ಟ ಅದ ಅಂದಮ್ಯಾಲೆ ದೊಡ್ಡದು ಯಾಕ ಬಿಡಬೇಕ್ರೀ? ಬರಬರತಾ ರೂಢಿ ಆಗ್ತದ."

"ಕೈ ಇನ್ನ ಬೆಳೀತದೇನು?" ಎಂದು ಮೆಲ್ಲಗೆ ಕೇಳಿದರು. ನಾನು ದೊಡ್ಡದನ್ನೇ ಕಟ್ಟಿಸಿದೆ. ಅಗ್ಗದ ಪಿಸ್ತೂಲು ಅಂದರೆ ಅಷ್ಟಕ್ಕೇ ಮುಗಿಯುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಸೀರೆ ಕೊಂಡ ಮೇಲೆ ಬ್ಲೌಸು, ಫಾಲು ಎಂದು ಬೆಳೆಯುವ ಹಾಗೆ ಕನ್ನಡಕ, ಬೆಲ್ಟು, ಗ್ಯಾಸಿನ ಡಬ್ಬ, ಗುಂಡು ತುಂಬುವ ಮ್ಯಾಗಝಿನ್ ಇನ್ನೆರಡು ಎಂದು ಅಂಗಡಿಯವನು ಒಂದೊಂದಾಗಿ ಹೊರತೆಗೆದ. ಆದರೂ ಆ ದಿನದ ದೋಸೆಯಷ್ಟು ರುಚಿಯಾದ ದೋಸೆ ನಾನು ತಿಂದಿಲ್ಲ. ಚೀಲವನ್ನು ಕಾಲಿನ ಹತ್ತಿರ ಇಟ್ಟುಕೊಂಡು ತುತ್ತಿಗೊಮ್ಮೆ ಮುಟ್ಟಿ ನೋಡುತ್ತಿದ್ದೆ.

ಮನೆಗೆ ಬಂದು ಬೀರುವಿನ ಕನ್ನಡಿಯ ಎದುರು ಅಭ್ಯಾಸ ಶುರು ಮಾಡಿದೆ. ಖಾಲಿ ಮ್ಯಾಗಝಿನ್ ಕೆಳಗೆ ಬೀಳಬೇಕಾದರೆ ಪಿಸ್ತೂಲಿನ ಪಕ್ಕದ ಒಂದು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಬೇಕು. ನನ್ನ ಹೆಬ್ಬೆರಳು ಅಲ್ಲಿಗೆ ಮುಟ್ಟಲೇ ಇಲ್ಲ, ಒಂದು ಇಂಚು ಹಿಂದೆಯೇ ನಿಂತಿತು. ಎಣ್ಣೆ ಹಚ್ಚಿ ಬೆರಳು ಎಳೆದುಕೊಂಡೆ ಎಂದರೆ ನೀವು ನಂಬಬೇಕು. ಕ್ಲಬ್ಬಿನಲ್ಲಿ ಕೀತ್ ಒಂದೇ ನೋಟಕ್ಕೆ ಹಿಡಿದ. ಇದು ನಿನಗೆ ತುಂಬಾ ದೊಡ್ಡದು, ಗುಂಡಿ ಒತ್ತಲು ನೀನು ಮಣಿಕಟ್ಟು ತಿರುಗಿಸುತ್ತೀಯ, ಆಗ ಪಿಸ್ತೂಲಿನ ಬಾಯಿ ಪಕ್ಕಕ್ಕೆ, ಜನರಿರುವ ಕಡೆಗೆ ಹೊರಳುತ್ತದೆ, ಒಂದು ಮಿತಿ ದಾಟಿತೋ ಆ ಕ್ಷಣವೇ ನಿನ್ನನ್ನು ಸ್ಪರ್ಧೆಯಿಂದ ಹೊರಗೆ ಹಾಕುತ್ತೇನೆ ಎಂದ. ಆಮೇಲೆ, ಇದನ್ನು ಆರಿಸಿದ್ದು ಯಾರು ಎಂದು ಕೇಳಿದ. ನನ್ನ ಬಾಯಿಂದ ತಡವರಿಸದೆ ಬಂತು: ನನ್ನ ಗಂಡ. ಜೂಲಿಗೂ ಹಾಗೆಯೇ ಹೇಳಿದೆ. ಅವಳು ಗಂಡಸರ ಬುದ್ಧಿಯ ಬಗ್ಗೆ ಹತ್ತು ನಿಮಿಷ ಮಾತಾಡಿದಳು, ನಾನೂ ತಲೆಯಾಡಿಸಿದೆ. ಹೋಗಿ ಬದಲಾಯಿಸಿಕೊಂಡು ಬರಬಹುದಿತ್ತು. ಆದರೆ ಅದೇ ಮನುಷ್ಯನನ್ನು ಜೊತೆಗೆ ಕರೆದುಕೊಂಡು ಅದೇ ಅಂಗಡಿಗೆ ಹೋಗಿ, ಸಣ್ಣದೇ ಕೊಡಪ್ಪಾ ಎನ್ನಬೇಕಲ್ಲ, ಅದು ನನ್ನಿಂದ ಆಗದ ಮಾತು.

ಸ್ಪರ್ಧೆಯ ಭಾನುವಾರ ಇವರು ಟವೆಲ್ಲು, ಚಿತ್ರಾನ್ನದ ಡಬ್ಬಿ ಹಿಡಿದು ಬದಿಯಲ್ಲಿ ಕೂತರು. ನಾಲ್ಕು ಸುತ್ತು. ಮೊದಲ ಮೂರರಲ್ಲಿ ಮ್ಯಾಗಝಿನ್ ಬದಲಾಯಿಸುವ ಪ್ರಮೇಯವೇ ಇರಲಿಲ್ಲ. ಬೀಪ್ ಎಂದ ಕೂಡಲೇ ಓಡಿದೆ, ಹೊಡೆದೆ, ತಟ್ಟೆಗಳು ಉರುಳಿದವು, ಹೊಡೆದದ್ದು ಎಷ್ಟು, ತಪ್ಪಿದ್ದು ಎಷ್ಟು ಎಂಬ ಎಚ್ಚರವೂ ನನಗಿರಲಿಲ್ಲ. ನಾಲ್ಕನೆಯದರಲ್ಲಿ ಹತ್ತೇ ಗುಂಡು ತುಂಬಬೇಕು, ಗುರಿ ಹದಿನಾರು. ಹತ್ತು ಮುಗಿದವು. ಎಡಗೈ ಬೆಲ್ಟಿನಿಂದ ಹೊಸ ಮ್ಯಾಗಝಿನ್ ಎಳೆದುಕೊಂಡಿತು, ಬಲಗೈ ಹೆಬ್ಬೆರಳು ಗುಂಡಿಯನ್ನು ಹುಡುಕಿತು, ಸಿಗಲಿಲ್ಲ. ಮಣಿಕಟ್ಟು ಮೆಲ್ಲಗೆ ತಿರುಗತೊಡಗಿತು. ಪಕ್ಕದಲ್ಲಿ ಟೈಮರ್ ಹಿಡಿದು ನಿಂತ ಕೀತ್‌ನ ಉಸಿರು ನಿಂತದ್ದು ನನಗೆ ಕೇಳಿಸಿತು. ಇಷ್ಟಾಗಿ ಇಲ್ಲಿಂದ ಹೊರಗೆ ಹೋಗಬೇಕೇ ಎಂದು ಅಳು ಬಂತು. ಕೈ ನೆಟ್ಟಗೆ ಮಾಡಿದೆ. ಆಮೇಲೆ ಏನು ಮಾಡಿದೆನೋ ಅದು ಯೋಚಿಸಿ ಮಾಡಿದ್ದಲ್ಲ. ಮಗಳಿಗೆ ಹೆರಳು ಹಾಕುವಾಗ ಹೇರ್‌ಪಿನ್ ಕಚ್ಚಿಕೊಳ್ಳುವಂತೆ ಹೊಸ ಮ್ಯಾಗಝಿನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಬಿಡುವಾದ ಎಡಗೈಯಿಂದ ಗುಂಡಿ ಒತ್ತಿದೆ, ಖಾಲಿಯದು ಬಿತ್ತು, ಬಾಯಿಂದ ತೆಗೆದು ಹೊಸದನ್ನು ತುರುಕಿದೆ, ಉಳಿದ ಆರನ್ನೂ ಹೊಡೆದೆ. ಬೇರೆಯವರು ಎರಡು ಸುತ್ತು ಮುಗಿಸುವಷ್ಟು ಹೊತ್ತು ಹಿಡಿಯಿತು. ಆದರೆ ಮುಗಿಸಿದೆ. ಇಪ್ಪತ್ತೆರಡು ಜನರಲ್ಲಿ ನಾನು ಇಪ್ಪತ್ತೊಂದನೆಯವಳು. ಖುಷಿಗೆ ಜೂಲಿಯನ್ನು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡೆ.

ಆಗ ಕೀತ್ ನೇರವಾಗಿ ಇವರ ಹತ್ತಿರ ಹೋಗಿ, ನೋಡು ಮಾರಾಯ, ಆಡುವವಳು ಅವಳು, ಇನ್ನೊಂದು ಸಲ ಪಿಸ್ತೂಲನ್ನು ಅವಳೇ ಆರಿಸಿಕೊಳ್ಳಲಿ, ನೀನು ಮಧ್ಯೆ ಬಾಯಿ ಹಾಕಬೇಡ ಎಂದು ಎಲ್ಲರ ಎದುರು ದಬಾಯಿಸಿದ. ಇವರು ನನ್ನ ಕಡೆ ಒಮ್ಮೆ ನೋಡಿದರು, ಚಿತ್ರಾನ್ನದ ಡಬ್ಬಿಯ ಮುಚ್ಚಳ ಹಾಕಿದರು, ಸಾರಿ, ತಪ್ಪು ನನ್ನದೇ ಎಂದರು.

ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ ನಾಚಿಕೆ ತಡೆಯದೆ, "ಯಾಕ್ರೀ ಒಪ್ಪಿಕೊಂಡ್ರಿ?" ಎಂದು ಕೇಳಿದೆ.

"ತಟ್ಟೆ ಬಿದ್ದಾಗೆಲ್ಲಾ ನಿನ್ನ ಮಾರಿ ಅರಳೋದು ನೋಡ್ತಿದ್ದೆ. ಅಷ್ಟಕ್ಕ ಒಂದು ಮಾತು ಬೈಸ್ಕೊಂಡರ ಏನಾತು?" ಎಂದರು. ಪಿಸ್ತೂಲಿನ ಚೀಲವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, "ದೊಡ್ಡದು ನನ್ನ ಕೈಗೆ ಸರಿ ಹೋಗ್ತದ. ಮುಂದಿನ ತಿಂಗಳು ನನ್ನ ಹೆಸರೂ ಬರಸು," ಎಂದರು.

ಮುಂದಿನ ಶನಿವಾರ ಮತ್ತೆ ಅಂಗಡಿಗೆ ಹೋದೆವು. ನಾನು ತುಟಿ ಬಿಚ್ಚಲಿಲ್ಲ, ಸಣ್ಣದನ್ನು ಇವರೇ ತೋರಿಸಿದರು, ಇವರೇ ಕೊಂಡರು. ಹಿಡಿದರೆ ಗುಂಡಿ ಹೆಬ್ಬೆರಳಿನ ಕೆಳಗೇ ಬಂದು ನಿಲ್ಲುತ್ತದೆ, ಏನು ಸುಖ. ಈಗ ಕ್ಲಬ್ಬಿನ ಪಟ್ಟಿಯಲ್ಲಿ ಇಬ್ಬರ ಹೆಸರೂ ಇದೆ. ದಿನಾ ಸಂಜೆ ಊಟಕ್ಕೆ ಮೊದಲು ಇವರು ಪಡಸಾಲೆಯಲ್ಲಿ ಅಭ್ಯಾಸ ಮಾಡುತ್ತಾರೆ, ಕೈ ಚೆನ್ನಾಗಿ ಓಡುತ್ತಿದೆ, ನೋಡಿದರೆ ನನಗೆ ಪುಕಪುಕ. ಇವರೇನಾದರೂ ನನಗಿಂತ ಮೇಲೆ ಬಂದರೆ ಕೀತ್‌ಗೆ ಏನು ಹೇಳಬೇಕೆಂದು ಈಗಲೇ ಯೋಚಿಸಿ ಇಟ್ಟುಕೊಂಡಿದ್ದೇನೆ: ನನ್ನ ಪಿಸ್ತೂಲು ಆರಿಸಿದ್ದು ನನ್ನ ಗಂಡ. ಈ ಸಲ ಅದು ನಿಜ ಬೇರೆ.